ದಾನೇಶ್ವರಿಯ ಅರ್ಜಿ

14 ಅಕ್ಟೋಬರ್, ಮಂಗಳವಾರ. ತಿರ್ಲಾಪುರ.

ಎಂ.ಎಸ್.ಡಬ್ಲ್ಯೂ. ಸೀಟಿನ ವೇಟಿಂಗ್ ಲಿಸ್ಟಿನಲ್ಲಿ ಹತ್ತೊಂಬತ್ತು ದಿನದಿಂದ ನಾನು ಎರಡನೆಯವಳು. ಫೋನ್ ಮಾಡಿದರೆ "ಕಾಯ್ರಿ" ಅನ್ನುತ್ತಾರೆ. ಸಮಾಜ ಬದಲಿಸಲು ಹೊರಟವರೂ ಪಾಳಿ ಹಚ್ಚಬೇಕು!

ಒಂದನೆಯವಳು ನನ್ನ ಗೆಳತಿ ದಾನೇಶ್ವರಿ. ಅವಳ ಅರ್ಜಿ ಬರೆದವಳೂ ನಾನೇ. 'ಸಮಾಜಕಾರ್ಯವನ್ನೇ ಏಕೆ ಓದಬೇಕು?' ಎಂಬ ಪ್ರಶ್ನೆಗೆ ನನ್ನ ಅರ್ಜಿಯಲ್ಲಿ ಶೋಷಣೆ, ಕ್ರಾಂತಿ, ವಿಮೋಚನೆ ಎಂದು ಓದಿದ ಕರಪತ್ರಗಳನ್ನೆಲ್ಲ ಸುರಿದೆ. ಅವಳದರಲ್ಲಿ ಮಾತ್ರ, ಅವಳು ಓಣಿಯ ಮುದುಕಿಯರನ್ನು ಬಸ್ಸಿನಲ್ಲಿ ನವಲಗುಂದಕ್ಕೆ ಕರೆದೊಯ್ದು, ಆಧಾರ್ ತಿದ್ದಿಸಿ, ಪಿಂಚಣಿ ಮಾಡಿಸಿಕೊಟ್ಟದ್ದನ್ನು ಇದ್ದ ಹಾಗೆ ಬರೆದೆ. ನಾನು ಬರೆದದ್ದೇ ನನ್ನನ್ನು ಹಿಂದೆ ಹಾಕಿತು. ಯಾರನ್ನು ಬೈಯಲಿ?

ಸಂಜೆ ಅವಳದೇ ಫೋನ್.

"ಲೇ ಗೌತಮಿ, ಸೀಟ್ ಬಂತು. ಕಡೀ ಸೀಟಂತ. ನಾಳಿ ಹೂಂ ಅನ್ನಬೇಕು. ಕಾಕಾ ನೋಡಿದ್ರ ಬಿ.ಎಡ್. ಮಾಡು ಅಂತಾನ. ಏನ್ ಮಾಡ್ಲಿ?"

"ನನ್ನ ಯಾಕ ಕೇಳ್ತಿ ಬೇ?"

"ಮತ್ಯಾರ್ನ ಕೇಳ್ಲಿ? ಊರಿಗೆಲ್ಲ ಬುದ್ಧಿ ಹೇಳಾಕಿ ನೀನ ಅಲ್ಲೇನು?"

ಅವಳು ಬಿಟ್ಟರೆ ಆ ಸೀಟು ನನ್ನದೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ನನ್ನನ್ನೇ ಕೇಳಿದಳು. ಅಷ್ಟು ನಂಬಿಕೆ ಯಾಕಿಡಬೇಕು ಮನುಷ್ಯರು! 'ಬಿ.ಎಡ್. ಛಲೋ ಐತಿ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

"ಸುಮ್ನ ಹೂಂ ಅನ್ನು. ಕಾಕಾಗ ನಾ ಹೇಳ್ತೀನಿ" ಎಂದು ಒದರಿ ಫೋನ್ ಇಟ್ಟೆ.

ಅವ್ವ ಎಲ್ಲ ಕೇಳಿಸಿಕೊಂಡಳು. "ಹಂಗಾರ ಈಗ ನೀನ ಮೊದಲನೇದಾಕಿ ಆದಿ. ಛಲೋ ಆತ ಬಿಡು" ಅಂದಳು.

ಹೌದು, ಮೊದಲನೆಯವಳು, ಸೀಟೇ ಉಳಿಯದ ಲಿಸ್ಟಿನಲ್ಲಿ. ನಾಳೆ ದಾನೇಶ್ವರಿಯ ಕಾಕಾನ ಎದುರು ಕೂತು, ಈ ಓದಿನಿಂದ ಏನು ಉಪಯೋಗ ಎಂದು ನಾನೇ ವಿವರಿಸಬೇಕು. ಅದೂ ಸಿಟ್ಟಿಲ್ಲದೆ.