ಐಸಿನ ಪಾಳಿಯ ಗಂಟು ಬಿಡಿಸಿದ್ದು

ಮಾಸ್ತರೇ,

ಐದನೇ ಇಯತ್ತೆಯಿಂದ ಓಡಿಹೋದ ನಿಮ್ಮ ವೆಂಕಟ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಅಲ್ಲಿ ಕೂತು ಕೆಂಪು ಪೆನ್ನು ಹುಡುಕಬೇಡಿ. ನನ್ನನ್ನು ಶಾಲೆಗೆ ಕರೆಯಲು ನೀವು ದಂಡೆಗೇ ಬಂದಿದ್ದಿರಿ. ಬರೂದಿಲ್ಲ ಅಂದ್ರೆ ಬರೂದಿಲ್ಲ ಎಂದೆ. ನೀವು ದೋಣಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಬಲೆಯಲ್ಲಿದ್ದ ಮೀನಿನ ಹೆಸರು ಕೇಳಿಕೊಂಡು ಎದ್ದು ಹೋದಿರಿ. ಅಂಥ ನಾನು ಈಗ ಕಂಪ್ಯೂಟರಿನ ಸುದ್ದಿ ಬರೆಯುತ್ತಿದ್ದೇನೆ. ನಗುವುದಿದ್ದರೆ ನಕ್ಕುಬಿಡಿ.

ನಿವೃತ್ತರಾದ ಮೇಲೆ ನೀವು ಅಂಕೋಲೆಯ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಬಸ್ಸು ಹತ್ತಿ ಕಾರವಾರದ ನಮ್ಮ ಐಸ್ ಫ್ಯಾಕ್ಟರಿಗೆ ಬಂದ ಬೆಳಿಗ್ಗೆ ನೆನಪಿದೆಯೇ? ಯಾವ ಬೋಟಿಗೆ ಮೊದಲು ಐಸು ಎಂದು ಬಾಗಿಲಲ್ಲಿ ಇಬ್ಬರು ಅಂಗಿ ಹಿಡಿದು ನಿಂತಿದ್ದರು. ನೀವು ಅವರನ್ನು ದಾಟಿ ಒಳಗೆ ಬಂದು, ಪಾಳಿಯನ್ನು ಕಂಪ್ಯೂಟರ್ ಹೇಳಲಿ ಎಂದಿರಿ. ಆಮೇಲೆ ನಾನು ಕೂಗಿದಷ್ಟೂ ನಿಮ್ಮ ಪ್ರೋಗ್ರಾಮಿಗೆ ಸಾಲು ಸೇರಿದವು. ದೂರ ಹೋಗುವ ಬೋಟು ಮೊದಲು. ಇಂಜಿನ್ ಕೆಟ್ಟು ನಿಂತವನ ಪಾಳಿ ಮರುದಿನಕ್ಕೂ ಉಳಿಯಬೇಕು. ನೀರಿನ ಇಳಿತವಿದ್ದರೆ ಸಣ್ಣ ಬೋಟಿಗೆ ತಡ ಮಾಡಬಾರದು, ಆದರೆ ಅವನು ನಿನ್ನೆಯೂ ಮೊದಲು ಒಯ್ದಿದ್ದರೆ... ಒಂದು ದಿನವಾದರೂ ನೀವು ಸಾಕು ಎನ್ನಲಿಲ್ಲ.

ಈ ಮಳೆಗಾಲದ ಮೊದಲ ವಾರ ನೀವು ತೀರಿಹೋದಿರಿ. ಬೋಟುಗಳು ದಡ ಹತ್ತಿದ್ದವು. ಮಂಜಗುಣಿಯ ನಿಮ್ಮ ಮನೆಯಿಂದ ನಾನು ವಾಪಸು ಬಂದ ಮೇಲೆ ಅಣ್ಣನ ಮಗ ವಿನಾಯಕ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅವನೀಗ ಫ್ಯಾಕ್ಟರಿಯ ಪಾಲುದಾರ ತಾನೇ? ಇದನ್ನು ಕಿತ್ತು ಹುಬ್ಬಳ್ಳಿಯಿಂದ ಸಿದ್ಧ ಪ್ರೋಗ್ರಾಮು ತರಿಸೋಣ ಎಂದ. ನಾನು ಬೈದೆ. ಅವನು ಬೈಸಿಕೊಂಡು, "ಕಾಕಾ, ಇದು ಮಾಸ್ತರಿಗೊಬ್ರಿಗೇ ತಿಳೀತಿತ್ತು. ಬೋಟು ಇಳಿಯೂ ದಿನ ಇದು ನಿಂತ್ರೆ ಯಾರನ್ನ ಕೇಳೂದು?" ಎಂದ. ಮಾತು ಖರೆ ಇದ್ದುದರಿಂದಲೇ ನನಗೆ ಹೆಚ್ಚು ಸಿಟ್ಟು ಬಂತು. ನಿಮ್ಮ ಕೈಕೆಲಸವೆಂದು ನನ್ನಲ್ಲಿ ಉಳಿದದ್ದು ಅದೊಂದೇ. ಬೋಟು ಮತ್ತೆ ಇಳಿಯುವ ನೂಲ ಹುಣ್ಣಿಮೆಯೊಳಗೆ ಬೇರೆಯವರೂ ಓದಿ ತಿಳಿಯುವ ಹಾಗೆ ಮಾಡಿಸುತ್ತೇನೆ, ಆಗದಿದ್ದರೆ ನೀನೇ ಕಿತ್ತು ಎಸೆ ಎಂದುಬಿಟ್ಟೆ.

ನಿಮಗೆ ಕಂಪ್ಯೂಟರ್ ಕಲಿಸಿದ ಶಾಲಿನಿ ಬಂದ ದಿನ ನಾನು ಕುರ್ಚಿ ಎಳೆದುಕೊಂಡು ಅವಳ ಬೆನ್ನ ಹಿಂದೆಯೇ ಕೂತೆ. ಪಾಳಿಯ ಲೆಕ್ಕವೆಲ್ಲ ಒಂದೇ ಮೆಥಡಿನಲ್ಲಿದೆ, ಮೆಥಡ್ ಎಂದರೆ ಒಂದು ಕೆಲಸಕ್ಕಾಗಿ ಬರೆದ ಸಾಲುಗಳ ಕಟ್ಟು ಎಂದು ತಿಳಿಸಿ, ಏನೋ ಓಡಿಸಿ, "ಅರವತ್ತೇಳು" ಎಂದಳು. ಸತ್ತ ಮೇಲೂ ಮಾಸ್ತರು ಫಸ್ಟ್ ಕ್ಲಾಸು ಎಂದು ನಾನು ವಿನಾಯಕನ ಮುಖ ನೋಡಿದೆ. ಆ ಹುಡುಗಿ ನಕ್ಕಳು. "ಇದು ಮಾರ್ಕಲ್ಲ ಮಾಮಾ, ಕವಲು. ಹಿಂಗಿದ್ರೆ ಈ ಕಡೆ, ಇಲ್ದಿದ್ರೆ ಆ ಕಡೆ, ಹಂಗೆ ಎಷ್ಟು ಕಡೆ ದಾರಿ ಒಡೀತದೆ ಅಂತ ಎಣಿಸೂದು. ಹತ್ತು ದಾಟಿದ್ರೆ ಓದೂರಿಗೆ ತಲೆ ತಿರುಗ್ತದೆ." ಭಿನ್ನರಾಶಿಯಲ್ಲಿ ನಾನು ಒಮ್ಮೆಯೂ ಪಾಸಾಗಲಿಲ್ಲ, ನೀವು ಇದರಲ್ಲಿ ನಪಾಸು. ಲೆಕ್ಕ ಸರಿಹೋಯಿತು, ಅಲ್ಲವೇ?

ಅವಳು ಕೆಲಸ ಶುರು ಮಾಡಿ, ಇದು ಬಲೆಯ ಸಿಕ್ಕು ಬಿಡಿಸಿದ ಹಾಗೆ ಎಂದಾಗ, ಬಲೆಯ ವಿಷಯ ನನಗೆ ಹೇಳಬೇಡ ತಂಗಿ ಎಂದು ರೇಗಿದೆ. ಆದರೆ ನೋಡುತ್ತ ನೋಡುತ್ತ ತಿಳಿಯಿತು. ದೊಡ್ಡ ಮೆಥಡಿನಿಂದ ಒಂದು ತುಂಡು ತೆಗೆಯುತ್ತಾಳೆ, ಬೇರೆ ಇಡುತ್ತಾಳೆ, ಅದು ಮಾಡುವ ಕೆಲಸದ ಹೆಸರನ್ನೇ ಅದಕ್ಕೆ ಇಡುತ್ತಾಳೆ. ದೂರದ ಬೋಟು. ಉಳಿದ ಪಾಳಿ. ಒಳಗಿನ ಜೋಡಣೆ ಬದಲಾದರೂ ಹೊರಗೆ ಬರುವ ಪಾಳಿ ಬದಲಾಗಬಾರದು. ಅದಕ್ಕೇ ಪ್ರತಿ ತುಂಡು ತೆಗೆದ ಮೇಲೂ ಕಳೆದ ವರ್ಷದ ದಿನಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ ಹೋಲಿಸುತ್ತಿದ್ದಳು. ನೀವೂ ನಮ್ಮಿಂದ ಭಾಗಾಕಾರ ಮಾಡಿಸಿ, ಗುಣಿಸಿ ತಾಳೆ ನೋಡು ಎನ್ನುತ್ತಿರಲಿಲ್ಲವೇ? ನಾನು ತಾಳೆ ನೋಡದೆ ಓಡಿದವನು.

ಕಳೆದ ವರ್ಷದ ಒಂದು ದಿನದ ಪಾಳಿ ಮಾತ್ರ ತಾಳೆಯಾಗಲಿಲ್ಲ. ದುರ್ಗಮ್ಮನ ಮನೆಯ ಬೋಟು ಹಳೆಯ ಪಾಳಿಯಲ್ಲಿ ಎಲ್ಲರಿಗಿಂತ ಮೊದಲು, ಹೊಸದರಲ್ಲಿ ಎಲ್ಲರಿಗಿಂತ ಕೊನೆಗೆ. ಶಾಲಿನಿ ಹುಡುಕಿ, ಹಳೆಯ ಕವಲುಗಳ ಒಳಗೆ ಹುಗಿದು, ಹೊಸದಕ್ಕೆ ಬಾರದೆ ಉಳಿದಿದ್ದ ಒಂದು ಸಾಲು ತೋರಿಸಿದಳು. ಬರೀ 'ಎಸ್' ಎಂಬ ಗುರುತು, ಏಕೆಂದು ಎಲ್ಲೂ ಬರೆದಿಲ್ಲ. ವಿನಾಯಕ ಅದು ಮಾಸ್ತರ ತಪ್ಪಿರಬೇಕು, ತೆಗೆ ಎಂದ. ನನಗೆ ಆ ಬೆಳಿಗ್ಗೆ ಕಣ್ಣ ಮುಂದೆ ಬಂತು. ದುರ್ಗಮ್ಮನ ಗಂಡ ತೀರಿಹೋಗಿ, ಸೂತಕ ಕಳೆದು ಬೋಟು ಮೊದಲ ಸಲ ಇಳಿಯುವ ದಿನ. ಅಂಥ ಮನೆಯ ಬೋಟಿಗೆ ಮೊದಲ ಐಸು ಹಾಕುವುದು ಅಪ್ಪನ ಕಾಲದಿಂದ ನಮ್ಮ ಫ್ಯಾಕ್ಟರಿಯ ರೂಢಿ. ನಿಮ್ಮ ಕಂಪ್ಯೂಟರ್ ಅವರನ್ನು ಕೊನೆಗೆ ನಿಲ್ಲಿಸಿತ್ತು. ನಾನು ನಾಲ್ಕು ಜನರ ಎದುರು ಕೂಗಾಡಿದೆ. ನೀವು ಕೂತಲ್ಲೇ ಒಂದು ಸಾಲು ಬರೆದು ಪಾಳಿ ತಿದ್ದಿಕೊಟ್ಟಿರಿ. ಅವಸರದಲ್ಲಿ ಹೆಸರಿಡಲು ನಾನು ಬಿಟ್ಟಿದ್ದೆನೇ?

ಇದನ್ನೆಲ್ಲ ಹೇಳಿದೆ. ಶಾಲಿನಿ ಆ ಸಾಲನ್ನು ಮೆಲ್ಲಗೆ ಹೊರಗೆ ತೆಗೆದು ಬೇರೆ ಮೆಥಡ್ ಮಾಡಿ, 'ಸೂತಕದ ಮನೆ ಮೊದಲು' ಎಂದು ಹೆಸರಿಟ್ಟಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದನ್ನೂ ಕೂಡಿಸಿ ಕೂಡಿಸಿ ಓದಿದೆ, ಮಾಸ್ತರೇ. ಆ ಗುರುತು ಹಾಕಲು ಪರದೆಯ ಮೇಲೆ ಒಂದು ಚೌಕವನ್ನೂ ಮಾಡಿದಳು. ಆಮೇಲೆ ಎರಡೂ ಪಾಳಿ ತಾಳೆಯಾದವು. ಈಗ ಯಾವ ತುಂಡೂ ಆರು ಕವಲು ದಾಟುವುದಿಲ್ಲ. ವಿನಾಯಕನೇ ಓದುತ್ತಾನೆ, ಹುಬ್ಬಳ್ಳಿಯ ಮಾತೆತ್ತುವುದಿಲ್ಲ.

ನಿನ್ನೆ ನೂಲ ಹುಣ್ಣಿಮೆ. ಸಮುದ್ರಕ್ಕೆ ಕಾಯಿ ಬಿಟ್ಟು ಬಂದು, ವಿನಾಯಕನನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ. ನಿಮ್ಮ ತಮ್ಮ ಪಾಂಡುವಿನ ಬೋಟಿನ ಹೆಸರು ಹುಡುಕಿ, ಚೌಕದಲ್ಲಿ ಗುರುತು ಒತ್ತಿದೆ. ಜನ್ಮದಲ್ಲಿ ಮೊದಲ ಸಲ.

ಈ ಬೆಳಿಗ್ಗೆ ಪಾಳಿ ಕೂಗಿದಾಗ ಪಾಂಡು ಹಿಂದೆಲ್ಲೋ ನಿಂತಿದ್ದ. ಜನ ದಾರಿ ಬಿಟ್ಟರು, ಒಬ್ಬರೂ ಗೊಣಗಲಿಲ್ಲ. ಅವನು ನನ್ನ ಹತ್ತಿರ ಬಂದು, "ಅಣ್ಣ ಹೇಳಿ ಹೋಗಿದ್ನೇನ್ರಾ?" ಎಂದು ಕೇಳಿದ.

"ಹೇಳ್ಲಿಲ್ಲ. ಬರೆದಿಟ್ಟಿದ್ರು" ಎಂದೆ.

ನಿಮ್ಮ ಮನೆಯ ಬೋಟು ಐಸು ತುಂಬಿಕೊಂಡು ಎಲ್ಲರಿಗಿಂತ ಮುಂಚೆ ಹೊರಟಿತು, ಮಾಸ್ತರೇ. ಅದು ಬಂದರು ದಾಟುವವರೆಗೆ ನಾನು ಯಾರನ್ನೂ ಬೈಯಲಿಲ್ಲ.

ನಿಮ್ಮ
ವೆಂಕಟ