ರೇಡಿಯೋದಲ್ಲಿ ಬಂದ ಹೆಸರು

ಔಕಿ, ಮಲೈತಾ ದ್ವೀಪ
ಜುಲೈ ೧೪, ಭಾನುವಾರ

ಮುದ್ದು ಮಗಳು ಡೆಲ್ಮಾಗೆ,

ಹೇಗಿದ್ದೀಯಮ್ಮ? ಬೆಳಗಿನ ಚಳಿಯಲ್ಲಿ ಹಣ್ಣು ಕೀಳುವಾಗ ಬೆರಳು ಸೆಟೆದುಕೊಳ್ಳುತ್ತವೆ ಅಂದಿದ್ದೆ, ಈಗ ವಾಸಿಯೇ? ಆಸ್ಟ್ರೇಲಿಯಾದ ಬ್ರೆಡ್ಡಿನಿಂದ ನಿನಗೆ ಹೊಟ್ಟೆ ತುಂಬುತ್ತದೋ ಇಲ್ಲವೋ ಎಂದು ಅಮ್ಮ ಗೆಣಸು ಬೇಯಿಸುವಾಗಲೆಲ್ಲ ನನ್ನನ್ನು ಕೇಳುತ್ತಾಳೆ, ನಾನೇನೋ ನೋಡಿ ಬಂದವನ ಹಾಗೆ.

ಅಮ್ಮನ ಕೆಲಸದ ವಿಷಯ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳು ಕೊಳೆತು ಆಸ್ಪತ್ರೆ ಸೇರಿದಳಲ್ಲ, ಅಂದೇ ಡಾಕ್ಟರ ಚೀಟಿ ಹಿಡಿದು ಶಿಕ್ಷಣ ಕಚೇರಿಗೆ ಹೋಗಿದ್ದೆ. "ಅಲ್ಲಿಟ್ಟು ಹೋಗಿ, ನೋಡ್ತೀವಿ" ಅಂದರು. ನೋಡಲಿಲ್ಲ. ಬೆರಳು ಕತ್ತರಿಸಿ, ಗಾಯ ಮಾಯದೆ ಅವಳು ವಾರ್ಡಿನಲ್ಲಿ ಮಲಗಿದ್ದಾಗ ಒಂದು ಸಂಜೆ ರೇಡಿಯೋದಲ್ಲಿ, ಹಡಗಿನ ವೇಳೆ, ಸಾವಿನ ಸುದ್ದಿಗಳ ನಡುವೆ, ಹೇಳದೆ ಕೇಳದೆ ಶಾಲೆ ಬಿಟ್ಟ ಶಿಕ್ಷಕರನ್ನು ವಜಾ ಮಾಡಲಾಗಿದೆ ಎಂದು ಹೆಸರು ಓದಿದರು. ರೊಸೀನಾ ಒಫಾಯ. ಪಕ್ಕದ ಹಾಸಿಗೆಯ ಮುದುಕಿ, "ಟೀಚರಮ್ಮ, ನಿಮ್ಮ ಹೆಸರಿನೋರು ಇನ್ನೊಬ್ರು ಇದಾರಾ?" ಎಂದಳು. "ಇರಬೇಕು" ಅಂದು ಅಮ್ಮ ಗೋಡೆಯ ಕಡೆ ಹೊರಳಿದಳು.

ಶಿಕ್ಷಕರ ಸಂಘದ ಕ್ವೈಫಿ ಓಡಿ ಬಂದ. "ಕಾಯಿಲೆ ರಜೆ ಅವರ ಹಕ್ಕು ಕಣಣ್ಣ. ಕೆಲಸದಿಂದ ತೆಗೆಯೋ ಮುಂಚೆ ಅವರ ಮಾತು ಕೇಳ್ಬೇಕಿತ್ತು. ನಾನು ಬಿಡಲ್ಲ" ಎಂದು ಮೇಲ್ಮನವಿ ಹಾಕಿದ. ಬರುವ ಶುಕ್ರವಾರ ರಾಜಧಾನಿ ಹೊನಿಯಾರಾದಲ್ಲಿ ವಿಚಾರಣೆ. ಮನೆಗೆ ಬಂದಾಗಿನಿಂದ ಅಮ್ಮ ಕನ್ನಡಿ ಮುಂದೆ ಕೂತು ಅಭ್ಯಾಸ ಮಾಡುತ್ತಾಳೆ: "ನಾನು ಓಡಿಹೋಗಿಲ್ಲ ಸಾರ್, ಆಸ್ಪತ್ರೇಲಿ ಮಲಗಿದ್ದೆ." ಒಮ್ಮೆ ನಾನು ಅಧಿಕಾರಿಯ ಗತ್ತಿನಲ್ಲಿ, "ಅಷ್ಟು ಕಾಯಿಲೆ ಇದ್ದೋರಿಗೆ ಕೆಲಸ ಯಾಕಮ್ಮ?" ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ. ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಕೇಳಿ, ಉತ್ತರ ಹೇಳ್ತೀನಿ" ಎಂದಳು. ನನಗೇ ಮತ್ತೆ ಕೇಳಲು ಆಗಲಿಲ್ಲ.

ಇವತ್ತು ಚರ್ಚಿನಲ್ಲಿ ಎಲ್ಲರೂ ನಿನ್ನನ್ನು ಕೇಳಿದರು. ಒಳ್ಳೆಯದಾಗಲಿ ಮಗಳೇ, ದೇವರ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅಪ್ಪ,
ಮಾಯೆಲಾಸಿ

ಮರೆಯದೆ ಓದು: ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವಳ ಪಾದ ಹಿಮ್ಮಡಿಯವರೆಗೆ ಕಪ್ಪಾಗಿದೆ. ಈಗಲೇ ಆಸ್ಪತ್ರೆ ಸೇರದಿದ್ದರೆ ಜೀವ ಉಳಿಯದು ಎಂದರು ಡಾಕ್ಟರು. ಅವಳು ಬಟ್ಟೆ ಸುತ್ತಿ ಮುಚ್ಚಿಡುತ್ತಾಳೆ. "ಮತ್ತೆ ಮಲಗಿದ್ರೆ, ಮತ್ತೆ ಬರಲಿಲ್ಲ ಅಂತಾರೆ" ಎನ್ನುತ್ತಾಳೆ. ಡಾಕ್ಟರ ಚೀಟಿ ಕೊಟ್ಟರೆ ವಿಚಾರಣೆ ಮುಂದೂಡುತ್ತಾರೆ ಎಂದು ಕ್ವೈಫಿ ಹೇಳಿ ಹೇಳಿ ಸೋತ. "ಆಗ್ಲೂ ಚೀಟಿ ಕೊಟ್ಟಿದ್ವಲ್ಲ" ಅಂದಳು. ಈ ಕಾಗದದ ಫೋಟೊ ತೆಗೆದು ಅವನೇ ನಿನಗೆ ಕಳಿಸುತ್ತಾನೆ. ನೋಡಿದ ತಕ್ಷಣ ಅಮ್ಮನಿಗೆ ಫೋನ್ ಮಾಡು. ಹೊನಿಯಾರಾಕ್ಕೆ ಹೋಗುವ ಹಡಗು ಬುಧವಾರ. ಅವಳನ್ನು ಹತ್ತಲು ಬಿಡಬೇಡ.