ನಾಲ್ಕನೆಯ ಮೊಳೆ

ಮಳಿಗೆಯ ಒಡತಿ ದೊಡ್ಡಮ್ಮನವರಿಗೆ, ಕೊಡೆ ಕಾರ್ಖಾನೆಯ ಮೀಸೆಯವನು ತಲೆಬಾಗಿ ಮಾಡುವ ನಮಸ್ಕಾರಗಳು.

ನಿಮ್ಮ ದೇಶವನ್ನೇ ಗೆಲ್ಲಲು ಬಂದ ಚಕ್ರವರ್ತಿಯಂತೆ ನಾನು ಅಂದು ನಿಮ್ಮ ಮಳಿಗೆಗೆ ಕಾಲಿಟ್ಟಿದ್ದೆ. ಹತ್ತು ವರ್ಷದ ಬಾಡಿಗೆ ಕರಾರುಪತ್ರ ಚಾಚಿದರೆ, ನೀವು ಅದನ್ನು ಮುಟ್ಟದೆ ಗೋಡೆ ತೋರಿಸಿದಿರಿ.

"ಮೂರು ಮೊಳೆ ಕಾಣ್ತಾ, ಮೀಸೆ? ಮೂರೂ ಹೊರದೇಶದ ಕಂಪನಿಗಳ ಬೋರ್ಡಿನವು. ಸರ್ಕಾರ ಉರುಳಿದಾಗೆಲ್ಲ ಯಂತ್ರ ಇಲ್ಲೇ ಬಿಟ್ಟು ಬರಿಗೈಲಿ ಹೋದ್ರು. ಚುನಾವಣೆ ಮುಗಿಯೋವರೆಗೆ ತಿಂಗಳ ಬಾಡಿಗೆಗಿರು. ಕೊಡೆ ತಂದು ಮಾರು, ಯಂತ್ರ ತರಬೇಡ."

"ನಿಮಗೇ ನಷ್ಟ ಅಲ್ವಾ, ದೊಡ್ಡಮ್ಮ?" ಎಂದೆ.

"ನೀನು ಬಿಟ್ಟುಹೋಗೋ ತುಕ್ಕು ಗುಡಿಸೋಕೆ ನನಗೆ ಸೊಂಟ ಇಲ್ಲಪ್ಪ" ಎಂದು ಗದರಿದಿರಿ. ನಾನು ನಾಲ್ಕನೆಯ ಮೊಳೆ ಹೊಡೆದು ನಮ್ಮ ಬೋರ್ಡು ತೂಗುಹಾಕಿ, ನೀವಂದಂತೆ ಚುನಾವಣೆವರೆಗೆ ಕೊಡೆ ಮಾತ್ರ ಮಾರಿ ನನ್ನ ದೇಶಕ್ಕೆ ಮರಳಿದೆ.

ನಿಮ್ಮ ಹೊಸ ಸರ್ಕಾರ ಹೊರದೇಶದವರ ಕಾರ್ಖಾನೆಗಳನ್ನೆಲ್ಲ ಜಪ್ತಿ ಮಾಡಿದ ಸುದ್ದಿಯನ್ನು ಇಂದು ಓದಿದೆ. ಓದುವಾಗ ನಮ್ಮ ಯಂತ್ರಗಳು ಇಲ್ಲಿ ನಮ್ಮ ದೇಶದಲ್ಲೇ, ನನ್ನ ಪಕ್ಕದ ಕೋಣೆಯಲ್ಲೇ ಗಡಗಡ ಸದ್ದು ಮಾಡುತ್ತಿದ್ದವು. ಹೊಲಿಯುವ ಹೆಂಗಸರಿಗೆ ನಿಮ್ಮ ಮಾತು ಹೇಳಿದೆ. ಎಲ್ಲರೂ ಕೆಲಸ ನಿಲ್ಲಿಸಿ, ಕಾಣದ ನಿಮಗೆ ಕೈಮುಗಿದರು.

ಉಳಿದ ಕೊಡೆಗಳನ್ನು ನಿಮ್ಮ ಬೀದಿಯವರಿಗೆ ಹಂಚಿಬಿಡಿ. ನಮ್ಮ ಬೋರ್ಡನ್ನು ಇಳಿಸಿ ಒಳಗಿಡಿ, ಮೊಳೆ ಮಾತ್ರ ಕೀಳಬೇಡಿ. ಆ ನಾಲ್ಕನೆಯ ಮೊಳೆಯವನು ಮತ್ತೆ ಬರುತ್ತಾನೆ.

ನಿಮ್ಮ ಋಣದಲ್ಲಿರುವ,
ಮೀಸೆ